ಹಿರೇಮರ

ಗೋಕುಲ ರೋಡಿನ ಹಿಂದಿನ ಶೆಡ್ಡಿನ್ಯಾಗ
ಸೋಮವಾರ, ಬುಧವಾರ, ಸಂಜಿ ಆರಕ್ಕ ಕ್ಲಾಸು.
ಕಾಯಿಲ್ ಸುತ್ತೂ ಫ್ಯಾಕ್ಟರಿ ಬಾಗಲಾ ಹಾಕಿದ ಮ್ಯಾಲ
ನನ್ನ ಬೆರಳಿಗೆ ಸುತ್ತಲಿಕ್ಕೆ ಏನೂ ಉಳಿದಿರಲಿಲ್ಲ,
ಹಂಗಂತ ಬಂದೆ.
ಕಲಸಾಕಿ ನದಾಫ ಮೇಡಂ,
ನನ್ನ ಮಗನಕಿಂತ ಎರಡು ವರ್ಷ ಸಣ್ಣಾಕಿ.

ಮೊದಲನೇ ದಿನ ಅಂದ್ಲು:
ಬ್ಲೇಡು ಸ್ಟಿಕರಿನ ತೊಗಲಷ್ಟ ಕೊಯ್ಯಬೇಕು,
ಕೆಳಗಿನ ಕಾಗದಕ್ಕ ಸುದ್ದಿ ಮುಟ್ಟಬಾರದು.
ಒತ್ತಡ ಜಾಸ್ತಿ ಇಟ್ಟೆ, ಕಾಗದ ಸಹಿತ ಹರದು
ಅಕ್ಷರ ಎಲ್ಲಾ ಉಪ್ಪಿಟ್ಟಿನಂಗ ಉದುರಿದವು.
ಕಡಿಮಿ ಇಟ್ಟೆ, ಒಂದೂ ಮ್ಯಾಲ ಏಳಲಿಲ್ಲ,
ಹಾಸಿಗಿ ಬಿಡದ ಸಾಲಿ ಹುಡುಗರಂಗ.
ನಡುವ ಎಲ್ಲೋ ಒಂದು ಅಂಕಿ ಇತ್ತು.
ಎಂಬತ್ತೆರಡು.
ವಹಿಯೊಳಗ ಬರಕೊಂಡೆ.

ಇಂಗ್ಲಿಷಿನವು ಸಸಾರ:
ನೆಟ್ಟಗ ಹೋಗು, ಹೊಳ್ಳು, ಮತ್ತ ನೆಟ್ಟಗ.
ನಮ್ಮವು ಎಲ್ಲಾ ಚಕ್ಕಲಿ.
ಬ್ಲೇಡು ಉಸರು ಹಿಡದು ತಿರಗತೈತಿ,
ಒತ್ತಕ್ಷರದ ಬಾಲಕ್ಕ ಬಂದಾಗ
ತುಸು ತಡವರಸತೈತಿ, ನನ್ನಂಗ.

ಕೊಯ್ದ ಮ್ಯಾಲ ಕಸಾ ತಗಿಯೂದು.
ಹೊಲದಾಗಿನ ಮಾತ ಅದು, ಕೆಲಸಾನೂ ಅದ:
ಬ್ಯಾಡಾದ್ದು ಕೀಳು, ಬೇಕಾದ್ದು ಬಿಡು.
ಸೂಜಿ ಸಾಕು. ಕಣ್ಣು ಬೇಕು.

ಮೊದಲನೇ ಆರ್ಡರು ಅಮರಗೋಳ ಯಾರ್ಡಿನ ನೀಲಿ ಟೆಂಪೋ.
ಮಾಲಕರು ಗುರುಶಾಂತಯ್ಯ ಹಿರೇಮಠ.
ಹಿಂಬದಿ ಹಲಗಿ ಮ್ಯಾಲ ಹಳದಿ ಅಕ್ಷರ ಹಚ್ಚಿ,
ಗಾಳಿಗುಳ್ಳಿ ಒತ್ತಿ ಒತ್ತಿ ತಗದು,
ರೊಕ್ಕ ಎರಡು ಸಲ ಎಣಿಸಿ ಮನಿಗೆ ಬಂದೆ.
ರಾತ್ರಿ ಭಾಂಡೆ ತಿಕ್ಕುವಾಗ
ಮೊಣಕೈಗೆ ಏನೋ ಹತ್ತಿತ್ತು.
ಹಳದಿ. ದುಂಡಗ. ಅಕ್ಕಿಕಾಳಿನಷ್ಟ.
ಕಸಾ ಅಂತ ಕಿತ್ತಾಕಿ ಗಪ್ಪನ ನಿಂತೆ:
ಠದ ಹೊಟ್ಟಿಯೊಳಗಿನ ಚುಕ್ಕಿ.
ಅದಿಲ್ದ ಠ ಅಂದ್ರ ರ.

ಮೂರು ದಿನ ಆ ಹಿರೇಮರ
ಉಳ್ಳಾಗಡ್ಡಿ ಹೊತಗೊಂಡು ತಿರಗಿತು,
ಉಣಕಲ್ಲ, ನವಲೂರ, ಧಾರವಾಡ, ಹೊಳ್ಳಿ ಮತ್ತ ಹುಬ್ಬಳ್ಳಿ.
ನಾ ಫೋನು ಹಚ್ಚೂದು,
ಅವರು ಎತ್ತದ ಇರೂದು.

ನಡುವ ಬುಧವಾರ ಬಂತು, ಲೇಸರಿನ ಪಾಠ.
(ಇದರಾಗೂ ಒಂದು ಠ. ಯಾವುದನ್ನೂ ನಂಬೂಹಂಗಿಲ್ಲ.)
ಬ್ಲೇಡಿಲ್ಲ ಇಲ್ಲಿ, ಬೆಳಕ ಕೊಯ್ಯತೈತಿ.
ಪ್ಲೈವುಡ್ಡಿನ ಅಂಚಿಗೆ
ಕಾಮಣ್ಣನ್ನ ಸುಟ್ಟ ಮರುದಿನದ ಓಣಿಯ ವಾಸನಿ.
ಸ್ಟಿಕರ್ ಶೀಟು ಇದರಾಗ ಇಟ್ಟೀರಿ ಜ್ವಾಕಿ,
ಹೊಗಿ ಅಲ್ಲ ಅದು, ವಿಷ, ಅಂದ್ಲು ಮೇಡಂ.
ಮತ್ತ ಅಂದ್ಲು: ಗೆರಿಗೂ ಒಂದು ದಪ್ಪ ಐತ್ರಿ ಅಕ್ಕಾ,
ಸುಟ್ಟು ಹೋದದ್ದನ್ನ ಲೆಕ್ಕಕ್ಕ ಹಿಡೀಲಿಲ್ಲಂದ್ರ
ಕೂಡಿಸಿದ ಡಬ್ಬಿ ಸಡಲ ಆಗತೈತಿ.

ಚೀಲದ ಮ್ಯಾಲ ಬಣ್ಣ ಒತ್ತಲಿಕ್ಕೆ ಒಂದು ಅಚ್ಚು ಕೊಯ್ದೆ.
ಹಠಕ್ಕ ಬಿದ್ದು ಠ ಒಂದ ಬರದಿದ್ದೆ, ದೊಡ್ಡದು.
ಹಲಗಿ ಎತ್ತಿದರ
ಹೊಟ್ಟಿ ಪೂರಾ ಕಳಚಿ ಟಪ್ ಅಂತ ಬಿತ್ತು,
ನಡುವ ತೂತು ಇದ್ದ ಅಂಗಿ ಗುಂಡಿಯಂಗ.
ನಕ್ಕಳು ಹುಡುಗಿ:
ಸಣ್ಣವು ಎರಡು ಸೇತುವಿ ಬಿಡ್ರಿ,
ಒಳಗಿಂದು ಹೊರಗಿಂದನ್ನ ಹಿಡಕೊಂಡು ಇರಬೇಕಲ್ಲಾ.

ಗುರುವಾರ ಯಾರ್ಡಿಗೆ ಹೋದೆ,
ಚುಕ್ಕಿ ಕಾಗದಕ್ಕ ಹಚ್ಚಿ, ಪರ್ಸಿನ ಪಿನ್ನಿನ ನಡುವ ಇಟಗೊಂಡು.
ಟೆಂಪೋ ನಿಂತಿತ್ತು. ಹಿಂದ ಹೋಗಿ ನೋಡತೇನಿ:
ಹಿರೇಮಠ.
ಠದಾಗ ಚುಕ್ಕಿ ಐತಿ. ಬೆಳ್ಳಗ ಐತಿ.
ಎಲಿ ಮಡಚಿಗೋತ ಕುಂತಿದ್ದರು ಗುರುಶಾಂತಯ್ಯನವರು.
"ಆಲದ ಮರಾನೋ ಬೇವಿನ ಮರಾನೋ ಅಂತ
ಡ್ರೈವರಗೋಳು ತಲಿ ತಿಂದರವ್ವಾ.
ಕೈಯಾಗ ಸುಣ್ಣದ ಡಬ್ಬಿ ಇತ್ತು, ಬೆರಳು ಇತ್ತು."

ಒರಸಿ ಹಳದೀದು ಹಚ್ಚಲೇನ್ರಿ ಅಂದೆ.
"ಇರಲಿ ಬಿಡು, ಮಳಿ ಬರೂ ತನಕ ತಾಳತೈತಿ."

ಮಳಿ ಬಂತು, ಹೋತು. ಅವರೇನು ಕರೀಲಿಲ್ಲ.
ಹಳದಿ ಚುಕ್ಕಿ ನನ್ನ ವಹಿಯೊಳಗ
ಎಂಬತ್ತೆರಡರ ಮಗ್ಗಲಕ ಹತ್ತಿ ಕುಂತೈತಿ,
ಅಂಚಿಗೆ ಒಂದೀಟು ಭಾಂಡೆ ತಿಕ್ಕೂ ಬೂದಿ.